ಜೇಬಿನ ಚಾಕುವಿನ ಪರವಾಗಿ

ಕಳೆದ ವೈಶಾಖದಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಮದುವೆ. ಧಾರೆಗೆ ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಹೂವಿನ ಹಾರಗಳ ಪೆಟ್ಟಿಗೆ ಬಂದಿತು. ಪೆಟ್ಟಿಗೆಗೆ ನೈಲಾನ್ ಹುರಿ ಸುತ್ತಿ, ಅದರ ಮೇಲೆ ಅಂಟುಪಟ್ಟಿ ಬಿಗಿದು, ಕೋಟೆಯ ಬಾಗಿಲಿನಂತೆ ಭದ್ರಪಡಿಸಿದ್ದರು. ಒಬ್ಬ ಹಲ್ಲಿನಿಂದ ಕಚ್ಚಿದ. ಇನ್ನೊಬ್ಬ ಸ್ಕೂಟರಿನ ಕೀಲಿಕೈಯನ್ನು ಗರಗಸದಂತೆ ಆಡಿಸಿದ. ಮೂರನೆಯವನು ಬೆಂಕಿಪೊಟ್ಟಣಕ್ಕಾಗಿ ಅಡುಗೆಯವರ ಬಳಿಗೆ ಓಡಿದ. ಮುನ್ನೂರು ಜನ ಸೇರಿದ್ದ ಸಭೆ ಅದು. ಅವರಲ್ಲಿ ಇಂಜಿನಿಯರುಗಳೇ ಮೂವತ್ತಕ್ಕೆ ಕಡಮೆಯಿರಲಿಲ್ಲ. ನಾನು ಎದ್ದುಹೋಗಿ, ಜುಬ್ಬದ ಜೇಬಿನಿಂದ ನನ್ನ ಕೆಂಪು ಹಿಡಿಯ ಮಡಿಚುವ ಚಾಕುವನ್ನು ತೆಗೆದು ಹುರಿಯನ್ನು ಎರಡು ಕಡೆ ಕತ್ತರಿಸಿದೆ. ಹಾರಗಳು ಹೊರಬಂದವು. ಅದಕ್ಕೆ ಸಿಕ್ಕ ಸಂಭಾವನೆ ಏನು ಗೊತ್ತೆ? ನನ್ನ ಹೆಂಡತಿಯ ಅಣ್ಣನ ಮಗ (ಹೆಸರು ಹೇಳುವುದಿಲ್ಲ, ಅವನೂ ಇದನ್ನು ಓದುತ್ತಾನೆ) ಎಲ್ಲರಿಗೂ ಕೇಳುವಂತೆ, “ಏನು ಮಾವ, ಈ ವಯಸ್ಸಲ್ಲಿ ಚಾಕು ಇಟ್ಕೊಂಡು ಓಡಾಡ್ತೀರಿ? ರಿಟೈರ್ ಆದ್ಮೇಲೆ ರೌಡಿಸಂ ಶುರು ಮಾಡಿದ್ರಾ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಊಟಕ್ಕೆ ಕುಳಿತಾಗಲೂ, ಬಸ್ಸಿನಲ್ಲಿ ಊರಿಗೆ ಹಿಂದಿರುಗುವಾಗಲೂ ಆ ಮಾತು ಅಂಗಾಲಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡುತ್ತಿದ್ದೇನೆ. ಅವನೊಬ್ಬನಿಗೆ ಮಾತ್ರವಲ್ಲ.

ಮೊದಲು ಆರೋಪಿಯ ಪರಿಚಯವಾಗಲಿ. ಇದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಸಂಸ್ಥೆಯ ‘ಸ್ಪಾರ್ಟನ್’ ಎಂಬ ಮಾದರಿ. ಮಡಿಚಿದಾಗ ಉದ್ದ 91 ಮಿಲಿಮೀಟರು, ತೂಕ ಸುಮಾರು 60 ಗ್ರಾಂ, ಅಂದರೆ ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಒಳಗೆ ಒಂದು ದೊಡ್ಡ ಅಲಗು, ಒಂದು ಚಿಕ್ಕ ಅಲಗು. ತಗಡಿನ ಡಬ್ಬಿ ತೆರೆಯುವ ಕೊಕ್ಕೆ, ಅದರ ತುದಿಯೇ ಚಿಕ್ಕ ಸ್ಕ್ರೂಡ್ರೈವರು. ಶೀಶೆಯ ಮುಚ್ಚಳ ತೆಗೆಯುವ ಸಾಧನ, ಅದರ ತುದಿ ದೊಡ್ಡ ಸ್ಕ್ರೂಡ್ರೈವರು. ರಂಧ್ರ ಕೊರೆಯಲು ದಬ್ಬಳದಂಥದೊಂದು. ಹಿಡಿಯ ಸಂದಿನಲ್ಲಿ ಚಿಮಟ ಮತ್ತು ಹಲ್ಲುಕಡ್ಡಿ. ಇವಲ್ಲದೆ ದ್ರಾಕ್ಷಾರಸದ ಶೀಶೆಯ ಬಿರಡೆ ಕೀಳುವ ಒಂದು ಸುರುಳಿ. ಪಂಚೆ ಉಡುವ ಮೇಷ್ಟರಿಗೆ ಈ ಸುರುಳಿ ಏಕೆ ಎಂದು ಕಣ್ಣು ಮಿಟುಕಿಸಿ ಕೇಳಿದ ಶಿಷ್ಯರುಂಟು. ಬಿಗಿದುಹೋದ ಗಂಟನ್ನು ಸಡಿಲಿಸಲು ಅದಕ್ಕಿಂತ ಮೇಲಾದ ಉಪಕರಣವನ್ನು ನಾನು ಕಂಡಿಲ್ಲ. ಅಲ್ಲದೆ ಆ ಸುರುಳಿಯೊಳಗೆ, ಕನ್ನಡಕದ ತಿರುಪಿಗೆಂದೇ ಮಾಡಿದ ಕಡ್ಡಿಗಾತ್ರದ ಸ್ಕ್ರೂಡ್ರೈವರೊಂದನ್ನು ತಿರುಗಿಸಿ ಕೂರಿಸಿಡಬಹುದು. ಕನ್ನಡಕದ ಕಾಲು ಕಳಚಿ ಪತ್ರಿಕೆಯ ಮೇಲೆ ಬಿದ್ದಾಗ, ಆ ತಿರುಪನ್ನು ಹುಡುಕಿ ತಾನೇ ಬಿಗಿದುಕೊಂಡು ಮತ್ತೆ ಓದಲು ಕೂರುವ ಸುಖ ಅರವತ್ತು ದಾಟಿದವರಿಗೆ ಮಾತ್ರ ಗೊತ್ತು.

ದಿನವೊಂದಕ್ಕೆ ಇದನ್ನು ಎಷ್ಟು ಬಾರಿ ಬಳಸುತ್ತೇನೆ? ಒಮ್ಮೆ ಎಣಿಸಿದೆ. ಒಂದು ಸಾಮಾನ್ಯ ಮಂಗಳವಾರ ಏಳು ಬಾರಿ. ಹಾಲಿನ ಪೊಟ್ಟಣ, ಅಂಚೆಯಲ್ಲಿ ಬಂದ ಪುಸ್ತಕದ ಕಟ್ಟು, ಹಿತ್ತಿಲಿನ ದಾಸವಾಳದ ಒಣರೆಂಬೆ, ಮೊಮ್ಮಗಳ ಆಟಿಕೆಯ ಬ್ಯಾಟರಿಯ ಮುಚ್ಚಳ, ಮಧ್ಯಾಹ್ನ ಒಂದು ಸೇಬು, ಸಡಿಲಗೊಂಡ ಸ್ವಿಚ್ಚಿನ ತಿರುಪು, ಸಂಜೆ ಅವಳದೇ ಪೆನ್ಸಿಲು. ಇದರಲ್ಲಿ ಸಾಹಸವೇನೂ ಇಲ್ಲ. ಆದರೆ ಏಳು ಬಾರಿಯೂ ನಾನು ಯಾರನ್ನೂ ಕೂಗಿ ಕರೆಯಲಿಲ್ಲ, ಏನನ್ನೂ ನಾಳೆಗೆ ಮುಂದೂಡಲಿಲ್ಲ. ಅಲಗನ್ನು ಮಡಿಚುವಾಗ ಆಗುವ ಆ ಚಿಕ್ಕ ‘ಟಕ್’ ಶಬ್ದ ನನಗೆ ಕೆಲಸ ಮುಗಿಯಿತೆಂಬ ಸಹಿಯಂತೆ ಕೇಳಿಸುತ್ತದೆ.

ಇದರ ಚರಿತ್ರೆ ಸ್ವಾರಸ್ಯದ್ದು. ಸ್ವಿಸ್ ಸೈನ್ಯಕ್ಕೆ 1889ರಲ್ಲಿ ಹೊಸ ಬಂದೂಕು ಬಂದಿತು. ಅದನ್ನು ಬಿಚ್ಚಿ ಶುಚಿಗೊಳಿಸಲು ಸ್ಕ್ರೂಡ್ರೈವರು ಬೇಕು. ಸೈನಿಕನ ಊಟ ತಗಡಿನ ಡಬ್ಬಿಯಲ್ಲಿ, ಅದನ್ನು ತೆರೆಯಬೇಕು. ಎರಡನ್ನೂ ಚಾಕುವಿನೊಡನೆ ಒಂದೇ ಹಿಡಿಯಲ್ಲಿ ಸೇರಿಸಿದರೆ ಹೊರೆ ಕಡಮೆ. ಆದರೆ ಅಷ್ಟು ಚಾಕು ಮಾಡಿಕೊಡುವ ಕಾರ್ಖಾನೆ ಆ ದೇಶದಲ್ಲಿ ಇರಲಿಲ್ಲವಾದ್ದರಿಂದ ಮೊದಲ ಕಂತು ಜರ್ಮನಿಯ ಸೋಲಿಂಗನ್ ಪಟ್ಟಣದಿಂದ ಬಂದಿತು. ಇಬಾಖ್ ಎಂಬ ಊರಿನಲ್ಲಿ 1884ರಿಂದ ಕಾರ್ಯಾಗಾರ ನಡೆಸುತ್ತಿದ್ದ ಕಾರ್ಲ್ ಎಲ್ಸೆನರ್ ಎಂಬ ಚಾಕು ತಯಾರಕನಿಗೆ ಇದು ಸಹಿಸಲಿಲ್ಲ. ನಮ್ಮ ಸೈನಿಕರ ಚಾಕುವನ್ನು ನಾವೇ ಮಾಡಬೇಕೆಂದು ಹಟ ಹಿಡಿದು, 1891ರಲ್ಲಿ ತನ್ನ ಚಾಕುಗಳನ್ನು ಸೈನ್ಯಕ್ಕೆ ಒದಗಿಸಿದ; ಆ ಹಟದಲ್ಲಿ ದಿವಾಳಿಯ ಅಂಚಿಗೂ ಹೋದ. ಅವನನ್ನು ಉಳಿಸಿದ್ದು ಒಂದು ಬುದ್ಧಿವಂತಿಕೆಯ ಉಕ್ಕಿನ ಪಟ್ಟಿ. ಚಾಕುವಿನ ಬೆನ್ನಿನಲ್ಲಿರುವ ಸ್ಪ್ರಿಂಗಿನ ಎರಡೂ ಮಗ್ಗುಲಿಗೆ ಉಪಕರಣಗಳನ್ನು ಜೋಡಿಸಬಹುದೆಂದು ಅವನು ಕಂಡುಕೊಂಡ. ಹಿಡಿಯ ಗಾತ್ರ ಬೆಳೆಯದೆ ಉಪಕರಣಗಳ ಸಂಖ್ಯೆ ಬೆಳೆಯಿತು. ಆ ‘ಅಧಿಕಾರಿಗಳ ಚಾಕು’ 1897ರ ಜೂನ್ 12ರಂದು ನೋಂದಣಿಯಾಯಿತು. ಸೈನ್ಯ ಅದನ್ನು ಅಧಿಕೃತವಾಗಿ ಕೊಡಲಿಲ್ಲ. ಅಧಿಕಾರಿಗಳು ತಮ್ಮ ಹಣದಿಂದಲೇ ಕೊಂಡರು. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಅವಳ ಹೆಸರನ್ನೇ ತನ್ನ ಸರಕಿಗಿಟ್ಟ. 1921ರಲ್ಲಿ ತುಕ್ಕುಹಿಡಿಯದ ಉಕ್ಕಿನ ‘ಇನಾಕ್ಸ್’ ಅದಕ್ಕೆ ಸೇರಿ ವಿಕ್ಟೋರಿನಾಕ್ಸ್ ಆಯಿತು. ಒಬ್ಬ ಮಗನ ಮಾತೃಭಕ್ತಿ ನನ್ನ ಜೇಬಿನಲ್ಲಿದೆ ಎಂದರೆ ರೌಡಿಸಂ ಎನ್ನುವವರು ಏನೆನ್ನುತ್ತಾರೋ!

ಅಮೆರಿಕದಲ್ಲಿರುವ ನನ್ನ ಶಿಷ್ಯರಲ್ಲಿ ಹಲವರು ಇಕ್ಕಳವನ್ನೇ ಮುಖ್ಯವಾಗಿ ಇಟ್ಟುಕೊಂಡ ‘ಲೆದರ್‌ಮನ್’ ಉತ್ತಮ ಎನ್ನುತ್ತಾರೆ. ಟಿಮ್ ಲೆದರ್‌ಮನ್ ಎಂಬಾತ 1975ರಲ್ಲಿ ಹೆಂಡತಿಯೊಡನೆ ಹಳೆಯ ಫಿಯಟ್ ಕಾರಿನಲ್ಲಿ ಯೂರೋಪು ಸುತ್ತುವಾಗ, ಜೇಬಿನ ಚಾಕುವಿಗೆ ಒಂದು ಇಕ್ಕಳವೂ ಇದ್ದಿದ್ದರೆ ಎಂದು ಹಲುಬಿ, ಎಂಟು ವರ್ಷ ಶ್ರಮಿಸಿ 1983ರಲ್ಲಿ ಅದನ್ನು ಮಾರುಕಟ್ಟೆಗೆ ತಂದ. ಒಳ್ಳೆಯ ಉಪಕರಣವೇ. ಆದರೆ ಜುಬ್ಬದ ಜೇಬು ಜೋತುಬೀಳುತ್ತದೆ.

ಅಂದಹಾಗೆ, ಮದುವೆಮನೆಯ ಪೆಟ್ಟಿಗೆಯಂಥದೇ ಒಂದು ಪ್ರಸಂಗ 1995ರ ನವೆಂಬರಿನಲ್ಲಿ ಆಕಾಶದಲ್ಲಿ ನಡೆಯಿತು. ಅಟ್ಲಾಂಟಿಸ್ ನೌಕೆ ರಷ್ಯದ ‘ಮಿರ್’ ನಿಲ್ದಾಣಕ್ಕೆ ಕೂಡಿಕೊಂಡಿತು. ಒಳಗೆ ಹೋಗಬೇಕು, ಬಾಗಿಲನ್ನೋ ರಷ್ಯನ್ನರು ಪಟ್ಟಿಗಳಿಂದ ಅತಿ ಭದ್ರವಾಗಿ ಬಿಗಿದಿದ್ದರು. ಕೆನಡಾದ ಕ್ರಿಸ್ ಹ್ಯಾಡ್‌ಫೀಲ್ಡ್ ಅದನ್ನು ತೆರೆದದ್ದು ಸ್ವಿಸ್ ಜೇಬುಚಾಕುವಿನಿಂದ. ಅಲ್ಲಿ ಯಾರೂ ಅವರನ್ನು ರೌಡಿ ಎಂದಂತೆ ನಾನು ಓದಿಲ್ಲ.

ಇನ್ನು ‘ಆಯುಧ’ ಎಂಬ ಮಾತು. ನಮ್ಮ ಜನಕ್ಕೆ ಈ ಪದದ ಅರ್ಥವೇ ಮರೆತುಹೋದಂತಿದೆ. ಮಹಾನವಮಿಯಂದು ನಾವು ಪೂಜಿಸುವುದು ಯಾವ ಆಯುಧಗಳನ್ನು? ಬಡಗಿಯ ಉಳಿ, ದರ್ಜಿಯ ಕತ್ತರಿ, ಗ್ಯಾರೇಜಿನ ಸ್ಪ್ಯಾನರು, ರೈತನ ನೇಗಿಲು, ಬಸ್ಸಿನ ಸ್ಟಿಯರಿಂಗು. ದುಡಿಯುವವನ ಕೈಗೆ ಒದಗುವುದೆಲ್ಲವೂ ಕನ್ನಡಿಗನಿಗೆ ಆಯುಧವೇ, ಆದ್ದರಿಂದಲೇ ಪೂಜ್ಯ. ಅದೇ ದಿನ ಕಾರಿಗೆ ಕುಂಬಳಕಾಯಿ ಒಡೆದು ಕೈಮುಗಿಯುವ ನನ್ನ ಬಂಧುವಿಗೆ, ಮರುದಿನ ಒಬ್ಬ ಮುದುಕನ ಜೇಬಿನ ಮೂರಂಗುಲದ ಅಲಗು ಭಯ ಹುಟ್ಟಿಸುತ್ತದೆ! ರಸ್ತೆಯಲ್ಲಿ ಜನರನ್ನು ಕೊಲ್ಲುವುದರಲ್ಲಿ ಕಾರು ಮುಂದೋ ನನ್ನ ಚಾಕು ಮುಂದೋ ಎಂದು ಅವನೇ ಲೆಕ್ಕ ಹಾಕಲಿ.

ಕಾನೂನಿನ ಮಾತೆತ್ತುವವರಿಗೂ ಒಂದು ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆ ಕೇವಲ ಗೃಹಕೃತ್ಯಕ್ಕೆ, ಬೇಸಾಯಕ್ಕೆಂದು ಮಾಡಿದ ವಸ್ತುಗಳನ್ನು ‘ಶಸ್ತ್ರ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅದರ ನಿಯಮಗಳು ಖಡ್ಗ, ಕಠಾರಿಗಳ ಸಾಲಿನಲ್ಲಿ ಸೇರಿಸುವ ಚಾಕು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳದ್ದು. ಚಾಕುವಿನ ವಿಷಯದಲ್ಲಿ ಬಹಳ ಬಿಗಿಯಾದ ಬ್ರಿಟನ್ನಿನಲ್ಲಿಯೂ 3 ಅಂಗುಲದೊಳಗಿನ, ಬೀಗವಿಲ್ಲದೆ ಮಡಿಚುವ ಜೇಬುಚಾಕುವನ್ನು ಕಾರಣ ಹೇಳದೆಯೇ ಒಯ್ಯಬಹುದು. ನಿಷೇಧಾಜ್ಞೆ ಇರುವಾಗ, ನ್ಯಾಯಾಲಯಕ್ಕೆ, ಮತಗಟ್ಟೆಗೆ ನಾನು ಇದನ್ನು ಒಯ್ಯುವುದಿಲ್ಲ. ಅಷ್ಟು ವಿವೇಕ ನನಗೂ ಇದೆ.

ಇದು ಪರದೇಶದ ಶೋಕಿ ಎನ್ನುವವರು ತಮ್ಮ ಅಜ್ಜಿಯ ಅಡುಗೆಮನೆಯನ್ನು ಒಮ್ಮೆ ನೆನೆಯಲಿ. ಈಳಿಗೆಮಣೆ ಎಂದರೇನು? ಕೂರಲು ಮಣೆ, ತರಕಾರಿ ಹೆಚ್ಚಲು ಅಲಗು, ಅದರ ತುದಿಯಲ್ಲಿ ಕಾಯಿ ತುರಿಯುವ ಹಲ್ಲು, ಕೆಲಸವಾದ ಮೇಲೆ ಮಡಿಚಿ ಗೋಡೆಗೆ ಒರಗಿಸುವ ಕೀಲು. ಎಲ್ಸೆನರ್ ಕಂಡಿದ್ದರೆ ಕೈಮುಗಿಯುತ್ತಿದ್ದ. ನನ್ನ ಅಜ್ಜನ ಎಲೆಯಡಿಕೆ ಸಂಚಿಯಲ್ಲಿ ಅಡಕತ್ತರಿ ಇತ್ತು; ಉಡಿದಾರದಲ್ಲಿ ಒಂದು ಬಳೆಗೆ ಪೋಣಿಸಿದ ಮುಳ್ಳು ಕೀಳುವ ಚಿಮಟ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ಒಂದು ಚೂಪು ಮುಳ್ಳುಗೋಲು. ತೋಟಕ್ಕೆ ಹೊರಟರೆ ಸೊಂಟದ ಹಿಂಬದಿಯ ಕೊಕ್ಕೆಗೆ ಕತ್ತಿ. ಕೊಡವರು ಕುಪ್ಯದ ಮೇಲೆ ಪೀಚೆಕತ್ತಿ ಧರಿಸದೆ ಮಂಗಳಕಾರ್ಯಕ್ಕೆ ನಿಲ್ಲುವುದಿಲ್ಲ. ಅಜ್ಜನ ಸೊಂಟದಲ್ಲಿದ್ದುದು ಮೊಮ್ಮಗನ ಜೇಬಿಗೆ ಬಂದಿದೆ, ಅಷ್ಟೆ, ಗಾತ್ರವೂ ಕುಗ್ಗಿದೆ.

ನನ್ನ ಮೊದಲ ಸ್ವಿಸ್ ಚಾಕು ಹೋದದ್ದು ಒಂದು ವಿಮಾನನಿಲ್ದಾಣದಲ್ಲಿ. ಶಿಷ್ಯನೊಬ್ಬ 1996ರಲ್ಲಿ ತಂದುಕೊಟ್ಟಿದ್ದ ಅದನ್ನು, 2012ರಲ್ಲಿ ಮಗನ ಊರಿಗೆ ಹೊರಟಾಗ ದೊಡ್ಡ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿ ಮರೆತಿದ್ದೆ. ತಪ್ಪು ನನ್ನದೇ, ಕಾವಲಿನವರು ನಿಯಮದಂತೆ ನಡೆದುಕೊಂಡರು. 2001ರ ಸೆಪ್ಟೆಂಬರ್ 11ರ ತರುವಾಯ ಹಲವು ದೇಶಗಳು ಈ ವಿಷಯದಲ್ಲಿ ಬಿಗಿಯಾದವು. 6 ಸೆಂಟಿಮೀಟರಿನೊಳಗಿನ ಚಾಕುವನ್ನು ಬಿಡೋಣವೆಂದು 2013ರಲ್ಲಿ ಅಮೆರಿಕದವರು ಯೋಚಿಸಿ, ವಿರೋಧ ಬಂದೊಡನೆ ಕೈಬಿಟ್ಟರು. ವಿಮಾನದ ಮಾತು ಬೇರೆ, ಒಪ್ಪುತ್ತೇನೆ. ನನ್ನ ಜಗಳ ಇರುವುದು ಇಡೀ ಬದುಕನ್ನೇ ವಿಮಾನವೆಂದು ಭಾವಿಸುವವರೊಡನೆ. 2024ರಲ್ಲಿ ವಿಕ್ಟೋರಿನಾಕ್ಸಿನ ಮುಖ್ಯಸ್ಥರೇ (ಅದೇ ಎಲ್ಸೆನರ್ ವಂಶದವರು) ಅಲಗಿಲ್ಲದ ಜೇಬುಸಾಧನವೊಂದನ್ನೂ ರೂಪಿಸುತ್ತಿದ್ದೇವೆ ಎಂದರು. ಅಲಗಿರುವುದನ್ನು ನಿಲ್ಲಿಸುತ್ತಿಲ್ಲ ಎಂಬುದು ನಿಜ. ಆದರೂ ಆ ಸುದ್ದಿ ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಸೈಕಲ್ಲಿನವರಿಗೆ ಅದು ಸಾಕಾದೀತು. ಸೇಬು ಹೆಚ್ಚುವವನು ಏನು ಮಾಡಬೇಕು?

ಇಲ್ಲಿಯವರೆಗೆ ಅನ್ಯರ ಮೇಲೆ ಹರಿಹಾಯ್ದಿದ್ದೇನೆ. ಈಗ ನನ್ನ ಸರದಿ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ.

1987. ಬಿ.ಎಡ್. ಮುಗಿಸಿ ಮಲೆನಾಡಿನ ಒಂದು ಪ್ರೌಢಶಾಲೆಗೆ ವಿಜ್ಞಾನದ ಮೇಷ್ಟರಾಗಿ ಬಂದು ಮೂರು ವರ್ಷವಾಗಿತ್ತು. ಶಿಸ್ತು ಎಂದರೆ ಬೆತ್ತ ಎಂದು ತಿಳಿದಿದ್ದ ವಯಸ್ಸು. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಚಡ್ಡಿಯ ಜೇಬಿನಿಂದ ಒಂದು ಮಡಿಚುವ ಚಾಕು ಜಾರಿ ನೆಲಕ್ಕೆ ಬಿತ್ತು. ಹಿಡಿಯ ಒಂದು ಕೊನೆಯಲ್ಲಿ ಅಲಗು, ಇನ್ನೊಂದು ಕೊನೆಯಲ್ಲಿ ತೆಳ್ಳಗೆ ಚಪ್ಪಟೆಯಾದ ಹಿತ್ತಾಳೆಯ ನಾಲಗೆ. “ಅಪ್ಪಂದು ಸಾರ್. ಶಾಲೆ ಬಿಟ್ಮೇಲೆ ಗುಲಾಬಿಗೆ ಕಣ್ಣು ಹಾಕಕ್ಕೆ ಹೋಗ್ಬೇಕು ಸಾರ್” ಎಂದ. ಎದುರುತ್ತರ ಎಂದು ಎರಡು ಏಟು ಹೆಚ್ಚಾಗಿಯೇ ಬಿತ್ತು. ಚಾಕು ನನ್ನ ಮೇಜಿನ ಖಾನೆ ಸೇರಿತು. ಅದು ಕಸಿ ಚಾಕು ಎಂಬುದಾಗಲಿ, ಆ ಹಿತ್ತಾಳೆಯ ನಾಲಗೆ ತೊಗಟೆಯನ್ನು ಗಾಯವಾಗದಂತೆ ಎತ್ತಲು ಇರುವುದೆಂದಾಗಲಿ ನನಗೆ ಆಗ ತಿಳಿದಿರಲಿಲ್ಲ.

ಅದೇ ವಾರ ಸಸ್ಯಗಳ ಕೃತಕ ಸಂತಾನವೃದ್ಧಿಯ ಪಾಠ ಬಂದಿತು. ನಾನು ಕಪ್ಪುಹಲಗೆಯ ಮೇಲೆ ಕಣ್ಣುಕಸಿಯ ಚಿತ್ರ ಬರೆದೆ: ಕಾಂಡದ ತೊಗಟೆಯಲ್ಲಿ ‘ಟಿ’ ಆಕಾರದ ಸೀಳು, ಅದರೊಳಗೆ ಇನ್ನೊಂದು ಗಿಡದ ಮೊಗ್ಗು, ಮೇಲೆ ಸುತ್ತಿದ ಪಟ್ಟಿ. ನನ್ನ ಜೀವಮಾನದಲ್ಲಿ ನಾನು ಒಂದು ಗಿಡಕ್ಕೂ ಕಸಿ ಕಟ್ಟಿದವನಲ್ಲ. ಕಟ್ಟಬಲ್ಲವನು ಇಡೀ ಶಾಲೆಯಲ್ಲಿ ಒಬ್ಬನೇ; ಅವನು ಕೊನೆಯ ಬೆಂಚಿನಲ್ಲಿ ಕುಳಿತು ನನ್ನ ಚಿತ್ರವನ್ನು ನೋಡಿ ಬರೆದುಕೊಳ್ಳುತ್ತಿದ್ದ. ಪರೀಕ್ಷೆಯಲ್ಲಿ ಆ ಚಿತ್ರದ ಭಾಗಗಳನ್ನು ಗುರುತಿಸುವುದರಲ್ಲಿ ತಪ್ಪಿದನೆಂದು ಎರಡು ಅಂಕ ಕಳೆದೆ. ಹತ್ತು ದಿನದ ಮೇಲೆ ಅವನ ತಂದೆ ಬಂದರು. ಜಗಲಿಯ ಕೆಳಗೇ ಕೈಕಟ್ಟಿ ನಿಂತು, “ಹುಡ್ಗಂದು ತಪ್ಪಾಯ್ತು ಮೇಷ್ಟ್ರೆ. ಅದಿಲ್ದೆ ನನ್ ಕೆಲ್ಸ ನಿಂತೈತೆ” ಎಂದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ನಾನು ಕುಳಿತಲ್ಲಿಂದ ಏಳಲಿಲ್ಲ. ಚಾಕುವನ್ನು ಜವಾನನ ಕೈಯಲ್ಲಿ ಕೊಟ್ಟು ಕಳಿಸಿದೆ.

ಆ ಹುಡುಗ ಎಸ್ಸೆಸ್ಸೆಲ್ಸಿ ದಾಟಲಿಲ್ಲ. ಅವನ ಸಹಪಾಠಿಗಳಾಗಿದ್ದ ನಿಮ್ಮಲ್ಲಿ ಕೆಲವರಿಗೆ ಅವನು ಯಾರೆಂದು ಈಗಾಗಲೇ ಹೊಳೆದಿರಬೇಕು. ಎಲ್ಲಿದ್ದಾನೆಂದು ತಿಳಿದಿದ್ದರೆ ನನಗೆ ತಿಳಿಸಿ. ಹೆಸರನ್ನು ಎಲ್ಲರ ಮುಂದೆ ಹೇಳುವುದು ಬೇಡ.

ನಾನು ಜೇಬಿನಲ್ಲಿ ಚಾಕು ಇಟ್ಟುಕೊಳ್ಳಲು ಆರಂಭಿಸಿದ್ದು ಆ ತಂದೆ ಬಂದುಹೋದ ಬಳಿಕ. ಮೊದಲು ಪೇಟೆಯಲ್ಲಿ ಕೊಂಡ ಅಗ್ಗದ ಚಾಕು, ಆಮೇಲೆ ಇದು. ಆದರೆ ಶಾಲೆಯಲ್ಲಿ ನಾನು ಬದಲಾದೆನೆ? ಅದೂ ಪೂರ್ತಿಯಾಗಿ ಇಲ್ಲ. ಕೊಠಾರಿ ಆಯೋಗ 1966ರಲ್ಲಿಯೇ ‘ಕಾರ್ಯಾನುಭವ’ ಶಿಕ್ಷಣದ ಅಂಗವಾಗಬೇಕೆಂದು ಬರೆಯಿತು. ಅದಕ್ಕೂ ಮುನ್ನ, 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ವಿದ್ಯೆ ಎಂದಿದ್ದರು. ವೇಳಾಪಟ್ಟಿಯಲ್ಲಿ ಆ ಅವಧಿ ನಮಗೂ ಇತ್ತು. ಪಾಠ ಮುಗಿಸಬೇಕು ಎಂಬ ನೆಪದಿಂದ ಅದನ್ನು ಕಸಿದುಕೊಂಡವರು ಯಾರು? ಗಣಿತದವರು ಮತ್ತು ವಿಜ್ಞಾನದವರು, ಅಂದರೆ ನಾವು. ನೂರಕ್ಕೆ ನೂರು ಫಲಿತಾಂಶಕ್ಕಾಗಿ ಮಕ್ಕಳ ಕೈಗಳನ್ನು ಅಡವಿಟ್ಟೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 6ರಿಂದ 8ನೆಯ ತರಗತಿಯೊಳಗೆ ಎಂದಾದರೂ ಹತ್ತು ದಿನ ಮಕ್ಕಳು ಚೀಲವಿಲ್ಲದೆ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯಲಿ ಎನ್ನುತ್ತದೆ. ಮೂರು ವರ್ಷದಲ್ಲಿ ಹತ್ತು ದಿನ! ಉಳಿದ ದಿನಗಳಲ್ಲಿ ಆ ಕೈಗಳು ಏನು ಮಾಡುತ್ತವೆಂದು ನಾವು ಬಲ್ಲೆವು. ಗಾಜಿನ ಮೇಲೆ ಹೆಬ್ಬೆರಳು ಜಾರಿಸುತ್ತವೆ. ಆ ಗಾಜಿನ ಯಂತ್ರವನ್ನೋ, ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗದ ವಿಚಿತ್ರ ತಿರುಪುಗಳಿಂದ ಮುಚ್ಚಿ, ಕೆಟ್ಟರೆ ಎಸೆದು ಹೊಸದು ಕೊಳ್ಳಿರಿ ಎನ್ನುತ್ತಾರೆ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿತು. ಒಳ್ಳೆಯದೇ. ಆದರೆ ದುರಸ್ತಿ ಮಾಡಲು ಬಾರದವನಿಗೆ ಆ ಹಕ್ಕು ಸಿಕ್ಕಿ ಏನು ಫಲ?

“ಮಕ್ಕಳು ಕೈ ಕೊಯ್ದುಕೊಂಡರೆ?” ಕೊಯ್ದುಕೊಳ್ಳುತ್ತಾರೆ. ಹೆಚ್ಚಾಗಿ ಕೊಯ್ಯುವುದು ಮೊಂಡು ಚಾಕು, ಏಕೆಂದರೆ ಅದನ್ನು ಒತ್ತಬೇಕು, ಒತ್ತಿದಾಗ ಜಾರುತ್ತದೆ. ಬೀದಿಯಲ್ಲಿ ಸಾಣೆಯವನ ಕೂಗು ಅಪರೂಪವಾಗಿರುವ ಈ ದಿನಗಳಲ್ಲಿ ನಾನೇ ತಿಂಗಳಿಗೊಮ್ಮೆ ನುಣುಪು ಸಾಣೆಕಲ್ಲಿನ ಮೇಲೆ, ಅಲಗನ್ನು ಇಪ್ಪತ್ತು ಡಿಗ್ರಿಯಷ್ಟು ಓರೆಯಾಗಿ ಹಿಡಿದು, ಎರಡೂ ಮಗ್ಗುಲಿಗೆ ಸಮವಾಗಿ ಮಸೆಯುತ್ತೇನೆ. ಕೀಲಿಗೆ ಹೊಲಿಗೆಯಂತ್ರದ ಎಣ್ಣೆ ಒಂದು ತೊಟ್ಟು. ಈ ಚಾಕುವಿನ ಅಲಗಿಗೆ ಬೀಗವಿಲ್ಲ, ಸ್ಪ್ರಿಂಗಿನ ಒತ್ತಡದಿಂದಷ್ಟೇ ನಿಲ್ಲುತ್ತದೆ. ಆದ್ದರಿಂದ ತುದಿಯಿಂದ ಚುಚ್ಚಿ ತಳ್ಳಿದರೆ ಬೆರಳಿನ ಮೇಲೆಯೇ ಮಡಿಚಿಕೊಳ್ಳಬಹುದು. ಇದನ್ನು ತಿಳಿಸಿಕೊಡುವುದಕ್ಕೆ ಹಿರಿಯರೆಂದು ನಾವಿರುವುದು.

ನನ್ನ ಮೊಮ್ಮಗಳಿಗೆ ಕಳೆದ ದಸರಾ ರಜೆಯಲ್ಲಿ ಹತ್ತು ತುಂಬಿತು. ಅವಳಿಗೆ ಒಂದು ವಾರ ಪೆನ್ಸಿಲು ಜೀವುವುದನ್ನು ಕಲಿಸಿದೆ: ಅಲಗು ಯಾವಾಗಲೂ ನಿನ್ನಿಂದ ಆಚೆಗೆ, ಇನ್ನೊಬ್ಬರಿಗೆ ಕೊಡುವಾಗ ಮಡಿಚಿಯೇ ಕೊಡಬೇಕು. ಐದನೆಯ ದಿನ ಎಡಗೈ ಹೆಬ್ಬೆರಳನ್ನು ಸ್ವಲ್ಪ ಗೀರಿಕೊಂಡಳು. ಅವಳು ಅಳಲಿಲ್ಲ, ಅರಿಶಿನ ಒತ್ತಿಸಿಕೊಂಡು ಮತ್ತೆ ಕುಳಿತಳು. ಸೊಸೆ ಮಾತ್ರ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಅವಳ ಭಯ ನನಗೆ ಅರ್ಥವಾಗುತ್ತದೆ, ತಾಯಿಯಲ್ಲವೆ. ಮೂರನೆಯ ದಿನ ಬೆಳಗ್ಗೆ ಕುಕ್ಕರಿನ ಹಿಡಿ ಸಡಿಲವಾಗಿ ಕೈಗೆ ಬಂದಿತು. “ಮಾವ, ಆ ಚಾಕು ಎಲ್ಲಿದೆ?” ಎಂದು ಅಡುಗೆಮನೆಯಿಂದ ಕೇಳಿದಳು. ನಾನು ಏಳುವಷ್ಟರಲ್ಲಿ ಮೊಮ್ಮಗಳು ಅದನ್ನು ತೆಗೆದುಕೊಂಡು ಹೋಗಿ, ಎರಡು ತಿರುಪನ್ನೂ ತಾನೇ ಬಿಗಿದು, ಮಡಿಚಿ ತಂದು ನನ್ನ ಕೈಗಿಟ್ಟಳು.